ನಾಲ್ಕನೆಯ ಸಾಲು

ಊಟದ ಡಬ್ಬಿಯ ಮುಚ್ಚಳ ತೆಗೆದವಳ ಕೈ ಹಾಗೇ ನಿಂತುಬಿಟ್ಟಿತು. ಬೇಯಿಸಿದ ಆಲೂಗಡ್ಡೆಯ ಪಕ್ಕ, ಎರಡು ತುಂಡು ಬ್ರೆಡ್ಡಿನ ಮೇಲೆ, ನಾಲ್ಕಾಗಿ ಮಡಿಚಿದ ಒಂದು ಚೀಟಿ ಇತ್ತು. ಬೇಕರಿಯಲ್ಲಿ ಬನ್ನು ಸುತ್ತಿಕೊಡುವ ಕಂದು ಕಾಗದ. ಅಂಥ ಚೀಟಿಯನ್ನು ಡಬ್ಬಿಯಲ್ಲಿ ಇಡುತ್ತಿದ್ದ ಅವಳ ಗಂಡ ಮಣ್ಣಿಗೆ ಹೋಗಿ ಹತ್ತು ತಿಂಗಳಾಗಿತ್ತು.

"ಏನಾಯ್ತೇ?" ಎಂದಳು ಎದುರು ಕೂತಿದ್ದ ಮಡಿಕೆಯಕ್ಕ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವರಿಬ್ಬರದು ಜೋಡಿ ಕೆಲಸ. ಇವಳು ಇಸ್ತ್ರಿ ಮಾಡಿದ ಬೆಡ್‌ಶೀಟನ್ನು ಆಕೆ ಇನ್ನೊಂದು ತುದಿಯಲ್ಲಿ ಹಿಡಿದು ಮಡಿಸಬೇಕು. ಹದಿನೈದು ವರ್ಷ ಎದುರುಬದುರು ನಿಂತು ನಿಂತು ಒಬ್ಬರ ಮುಖ ಇನ್ನೊಬ್ಬರಿಗೆ ಬಾಯಿಪಾಠವಾಗಿತ್ತು.

"ಏನಿಲ್ಲಕ್ಕ. ಉಪ್ಪು ಜಾಸ್ತಿಯಾಗಿದೆ."

"ಬಾಯಿಗೇ ಇಟ್ಟಿಲ್ಲ. ಉಪ್ಪು ಹೇಗೆ ಗೊತ್ತಾಯ್ತು?"

ಅವಳು ಡಬ್ಬಿ ಮುಚ್ಚಿ, ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು, ಒಗೆದ ಬಟ್ಟೆ ಪೇರಿಸುವ ಕೋಣೆಗೆ ಹೋದಳು. ಆಳೆತ್ತರದ ಬಿಳಿ ಬಟ್ಟೆಯ ಸಾಲುಗಳ ನಡುವೆ ನಿಂತು ಮಡಿಕೆ ಬಿಚ್ಚಿದಳು. ದುಂಡುದುಂಡನೆಯ ಅಕ್ಷರ, ಬೇಕರಿಯ ತಟ್ಟೆಯಲ್ಲಿ ಉಬ್ಬಿ ಕೂತ ಬನ್ನುಗಳ ಹಾಗೆ. ಅದು ಅವನದೇ ಕೈ.

*ದೀಪ ಹಚ್ಚಿ ಮನೆ ಗುಡಿಸಿದಳು ಅವಳು,*
*ಮಂಚದಡಿ, ಮೂಲೆ, ಒಲೆಯ ಬೂದಿ ಎಲ್ಲ;*
*ಕಳೆದದ್ದು ನಾಣ್ಯವೋ, ಕಳೆದವಳು ತಾನೋ*

ಅಷ್ಟೇ. ಮೂರು ಸಾಲು, ಕೆಳಗೆ ಖಾಲಿ ಜಾಗ. ಕಳೆದ ಒಂದು ನಾಣ್ಯಕ್ಕಾಗಿ ಹೆಂಗಸೊಬ್ಬಳು ಮನೆಯೆಲ್ಲ ಗುಡಿಸಿ ಹುಡುಕಿದ ಕಥೆ ಅದು. ಹೊರಗೆ ಇಸ್ತ್ರಿ ಯಂತ್ರ ಬುಸ್ಸೆಂದು ಹಬೆ ಬಿಟ್ಟಿತು. ಆ ಹಬೆಯಲ್ಲಿ ಬೇಯುವ ಹಿಟ್ಟಿನ ವಾಸನೆ ಬಂದಂತಾಯಿತು.

ಆ ಮನೆಯ ಪದ್ಧತಿಯನ್ನು ಇಲ್ಲಿ ಹೇಳಿಬಿಡಬೇಕು. ಸಂಜೆ ಊಟಕ್ಕೆ ಮುಂಚೆ ವೇದಪುಸ್ತಕದಿಂದ, ಅಂದರೆ ಬೈಬಲಿನಿಂದ, ಒಂದು ಭಾಗ ಓದುತ್ತಿದ್ದರು. ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ಮರುದಿನ ಬೆಳಗಿನ ಜಾವ ಕೆಲಸಕ್ಕೆ ಹೊರಡುವ ಮುಂಚೆ ಹಿಂದಿನ ಸಂಜೆ ಓದಿದ್ದರ ಮೇಲೆ ಮೂರು ಸಾಲು ಬರೆದು ಯಾರಾದರೊಬ್ಬರ ಡಬ್ಬಿಯೊಳಗೆ ಇಟ್ಟು ಹೋಗುತ್ತಿದ್ದ. ನಾಲ್ಕನೆಯ ಸಾಲು ಡಬ್ಬಿ ತೆರೆದವರದು. ಅದನ್ನು ಬರೆದು ಖಾಲಿ ಡಬ್ಬಿಯಲ್ಲಿ ವಾಪಸ್ಸು ತರಬೇಕು. ಓದುಬರಹ ಬಾರದ ಅತ್ತೆಗೆ ಮಾತ್ರ ರಿಯಾಯಿತಿ. ಆಕೆ ಬಾಯಲ್ಲಿ ಹೇಳುತ್ತಿದ್ದರು, ಮೊಮ್ಮಗಳು ಬರೆದುಕೊಳ್ಳುತ್ತಿದ್ದಳು. ಮನೆ ಬಿಟ್ಟು ಹೋಗಿ ಹಂದಿಗಳ ನಡುವೆ ಬಿದ್ದು ಮರಳಿ ಬಂದ ಮಗನಿಗೆ ತಂದೆ ಔತಣ ಮಾಡಿಸಿದ ಕಥೆಗೆ ಅತ್ತೆ ಕೂಡಿಸಿದ ಸಾಲು ಇಡೀ ಚರ್ಚಿನ ಸಭೆಯಲ್ಲಿ ಮನೆಮಾತಾಗಿತ್ತು: *ಎಲ್ಲ ಸರಿ, ಆ ರಾತ್ರಿ ಪಾತ್ರೆ ತಿಕ್ಕಿದವರು ಯಾರು?*

ಅವನು ಎಂದೂ ನಾಲ್ಕನೆಯ ಸಾಲು ಬರೆದವನಲ್ಲ. ಕವಿತೆ ಒಂದೇ ಅಲ್ಲ, ಯಾವುದನ್ನೂ ಮುಗಿಸಿದವನಲ್ಲ. ಗೋಡೆಗೆ ಬಣ್ಣ ಬಳಿದರೆ ಒಂದು ಮೂಲೆ ಉಳಿಯುತ್ತಿತ್ತು. ಆಲೂಗಡ್ಡೆ ಹೆರೆಯಲು ಕೂತರೆ ಕೊನೆಯ ನಾಲ್ಕು ಹಾಗೇ ಬಿದ್ದಿರುತ್ತಿದ್ದವು. ಬೇಕರಿಯವರು ಅವನನ್ನು 'ಮುಕ್ಕಾಲು' ಎಂದೇ ಕರೆಯುತ್ತಿದ್ದರು, ಅವನೂ ಹಲ್ಲು ಕಿರಿದು ಓಗೊಡುತ್ತಿದ್ದ. ಅವನು ರಿಪೇರಿ ಮಾಡಿದ ಅಡುಗೆಮನೆಯ ನಲ್ಲಿ ಈಗಲೂ ಸೋರುತ್ತಿತ್ತು. ಮೂರು ಹನಿ ಬೀಳುವುದು, ಆಮೇಲೆ ಒಂದು ಬಿಡುವು. ಹತ್ತು ತಿಂಗಳಿಂದ ಅವಳು ಆ ಬಿಡುವಿನಲ್ಲಿ ಕೈಕೆಲಸ ನಿಲ್ಲಿಸಿ ನಾಲ್ಕನೆಯ ಹನಿಗೆ ಕಿವಿಗೊಡುತ್ತಿದ್ದಳು.

ಆ ಸಂಜೆ ಮನೆಗೆ ಬಂದವಳೇ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅತ್ತೆ, ಬೆಳಿಗ್ಗೆ ಡಬ್ಬಿ ತುಂಬಿಸಿದ್ದು ಯಾರು?"

"ದಿನಾ ತುಂಬಿಸೋಳು ನಾನೇ ಅಲ್ವಾ? ಇವತ್ತೇನು ಹೊಸದಾಗಿ ಕೇಳ್ತೀಯ?"

"ಅದರಲ್ಲಿ ಏನಾದ್ರೂ ಇಟ್ರಾ?"

"ಆಲೂಗಡ್ಡೆ ಇಟ್ಟೆ. ಬ್ರೆಡ್ ಇಟ್ಟೆ. ಇನ್ನೇನು, ಚಿನ್ನ ಇಡಬೇಕಿತ್ತಾ?"

ಅತ್ತೆ ಕನ್ನಡಕದ ಪೆಟ್ಟಿಗೆಯನ್ನು ಟಪ್ಪೆಂದು ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಓದಲು ಬಾರದಿದ್ದರೂ ಕಾಳು ಆರಿಸಲು ಅವರಿಗೆ ಕನ್ನಡಕ ಬೇಕು. ಮಗ ಹೋದಮೇಲೆ ಆ ಪೆಟ್ಟಿಗೆ ಅವರ ಕೈಬಿಟ್ಟು ಇಳಿದದ್ದೇ ಇಲ್ಲ. ಮಗಳು ಪುಸ್ತಕದಿಂದ ತಲೆ ಎತ್ತಿದಳು. ಹದಿನಾರು ವರ್ಷದವಳು, ಅಪ್ಪನ ಮೂಗು, ಅಪ್ಪನ ಗಲ್ಲ.

"ಏನಿತ್ತಮ್ಮ ಡಬ್ಬಿಯಲ್ಲಿ?"

"ಏನೂ ಇಲ್ಲ. ನೀನು ಓದು."

ಎರಡು ವಾರ ಬಿಟ್ಟು ಇನ್ನೊಂದು ಚೀಟಿ ಬಂತು.

*ರಾತ್ರಿಯಿಡೀ ಬಲೆ ಬೀಸಿ ಬರಿಗೈ,*
*ದಡದಲ್ಲಿ ಯಾರೋ ಕೆಂಡ ಹೂಡಿ ಕೂತಿದ್ದಾರೆ,*
*ಊಟ ಆಯಿತಾ ಎಂದು ಕೇಳುತ್ತಿದ್ದಾರೆ*

ಸತ್ತು ಎದ್ದವನು ದಡದಲ್ಲಿ ಮೀನು ಸುಡುತ್ತ ಗೆಳೆಯರನ್ನು ಊಟಕ್ಕೆ ಕರೆದ ಭಾಗ ಅದು. ಅವನು ಬರೆದಿಟ್ಟ ಹಳೆಯ ಚೀಟಿ ಯಾರದೋ ಕೈಗೆ ಸಿಕ್ಕಿ ಡಬ್ಬಿ ಸೇರುತ್ತಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಊಟ ಆಯಿತಾ ಎಂಬ ಮಾತು ಬೆನ್ನು ಬಿಡಲಿಲ್ಲ. ಶೀಟು ಮಡಿಸುವಾಗ ಎದುರಿನ ತುದಿ ಹಿಡಿದ ಕೈಗಳು ಒಮ್ಮೆ ಹಿಟ್ಟು ಮೆತ್ತಿದ ಕೈಗಳಂತೆ ಕಂಡು, ಹಿಡಿದಿದ್ದನ್ನು ಕೈಬಿಟ್ಟಳು.

"ಇದು ಮೂರನೇ ಸಲ ಕಣೇ ಬೀಳಿಸ್ತಿರೋದು," ಎಂದಳು ಮಡಿಕೆಯಕ್ಕ. "ಹೋಗಿ ಡಾಕ್ಟರಿಗೆ ತೋರಿಸು. ಆಸ್ಪತ್ರೆಯಲ್ಲೇ ಇದ್ದೀಯ, ಬಸ್ಸು ಹತ್ತೋ ಕಷ್ಟವೂ ಇಲ್ಲ."

ಅವಳ ಕಾಯಿಲೆ ಡಾಕ್ಟರಿಗೆ ತೋರಿಸುವಂಥದ್ದಲ್ಲ. ಕೊನೆಯ ಚೀಟಿಯನ್ನು ಅವಳು ಓದಿರಲಿಲ್ಲ. ಅದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರಲಿಲ್ಲವೆಂದು ಅವಳು ನಂಬಿದ್ದಳು.

ಅವನು ತೀರಿಕೊಂಡ ದಿನದ ಹಿಂದಿನ ಸಂಜೆ ಓದಿದ್ದು ಇಬ್ಬರು ಅಕ್ಕತಂಗಿಯರ ಕಥೆ. ಮನೆಗೆ ಗುರು ಬಂದಾಗ ತಂಗಿ ಕಾಲ ಬಳಿ ಕೂತು ಮಾತು ಕೇಳಿದಳು, ಅಕ್ಕ ಒಳಗೆ ಬೇಯಿಸಿದಳು. ಓದಿ ಮುಗಿಸಿ, ಉಂಡು, ಗಂಡ ಮೂರು ಪಾತ್ರೆ ತೊಳೆದು ಉಳಿದದ್ದನ್ನು ಹಾಗೇ ಬಿಟ್ಟು, ಕೈ ಒರೆಸಿಕೊಂಡು ಬೆಳಗಿನ ಚೀಟಿಗೆಂದು ಪೆನ್ನು ತೆಗೆದಿಟ್ಟ. ಅವಳಿಗೆ ಎಲ್ಲಿತ್ತೋ ಸಿಟ್ಟು.

"ಶುರು ಮಾಡೋದು ಯಾವಾಗ್ಲೂ ನೀವು. ಮುಗಿಸೋಳು ನಾನು. ಪಾತ್ರೆಯೂ ಅಷ್ಟೇ, ಕವಿತೆಯೂ ಅಷ್ಟೇ. ಒಂದು ದಿನ ನಿಮ್ಮ ಚೀಟಿ ಇಲ್ದೆ ನೆಮ್ಮದಿಯಾಗಿ ಉಣ್ಬೇಕು ನಾನು."

ಅವನು ನಕ್ಕುಬಿಟ್ಟಿದ್ದ. ಮರುದಿನ ಡಬ್ಬಿಯಲ್ಲಿ ಚೀಟಿ ಇತ್ತು. ಅವಳು ಅದನ್ನು ಮಡಿಕೆ ಬಿಚ್ಚದೆ ಮುಚ್ಚಳದಲ್ಲಿಟ್ಟು, ಬೇಕೆಂದೇ ನಿಧಾನವಾಗಿ, ರುಚಿಯಾಗಿ ಉಂಡಳು. ಡಬ್ಬಿ ಮುಚ್ಚುವ ಹೊತ್ತಿಗೆ ಬೇಕರಿಯಿಂದ ಫೋನು ಬಂತು. ಒಲೆಯ ಮುಂದೆ ಹಿಟ್ಟಿನ ಮೂಟೆಯ ಮೇಲೆ ಕೂತವನು ಏಳಲೇ ಇಲ್ಲವಂತೆ. ಆಗಲೇ ಅರ್ಧ ಗಂಟೆ ಆಗಿತ್ತಂತೆ. ಅಂದರೆ ಅವಳು ನೆಮ್ಮದಿಯಾಗಿ ಉಣ್ಣುತ್ತಿದ್ದಾಗ ಅವನು ಇರಲೇ ಇಲ್ಲ. ಅವಳು ಉಟ್ಟ ಬಟ್ಟೆಯಲ್ಲೇ ಓಡಿದ್ದಳು. ಎರಡು ದಿನದ ಮೇಲೆ ಮಡಿಕೆಯಕ್ಕ ಡಬ್ಬಿಯನ್ನು ಮನೆಗೆ ತಂದುಕೊಟ್ಟಿದ್ದಳು, ಅತ್ತೆ ತೊಳೆದಿಟ್ಟಿದ್ದರು. ಚೀಟಿ ಎಲ್ಲಿ ಹೋಯಿತೆಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಕೇಳಿದರೆ ಓದಲಿಲ್ಲ ಎಂಬುದೂ ಹೊರಬೀಳುತ್ತದೆ. ಅಂದಿನಿಂದ ಬಿಡುವು ಸಿಕ್ಕಾಗಲೆಲ್ಲ ಮನೆಯನ್ನು ಬುಡಮೇಲು ಮಾಡಿ ಹುಡುಕುತ್ತಲೇ ಇದ್ದಳು. ಹಾಸಿಗೆ ಕೆಳಗೆ, ಡಬ್ಬಗಳ ತಳದಲ್ಲಿ, ಅವನ ಅಂಗಿಗಳ ಜೇಬಿನಲ್ಲಿ. ಏನು ಹುಡುಕ್ತೀಯಮ್ಮ ಎಂದು ಮಗಳು ಕೇಳಿದರೆ ಸೂಜಿ ಎನ್ನುತ್ತಿದ್ದಳು.

ಅದೇ ತಿಂಗಳ ಕೊನೆಯಲ್ಲಿ ಪಾದ್ರಿಗಳು ಮನೆಗೆ ಬಂದರು. ಅವನು ಹೋಗಿ ವರ್ಷ ತುಂಬುವ ಪ್ರಾರ್ಥನೆಯ ದಿನ ಮುಕ್ಕಾಲಿನ ಚೀಟಿಗಳನ್ನು ಸಣ್ಣ ಪುಸ್ತಕ ಮಾಡಿ ಸಭೆಯವರಿಗೆ ಹಂಚಬೇಕೆಂದು ಅವರಿಗೆ ಆಸೆ. ಅತ್ತೆ ತಗಡಿನ ಡಬ್ಬದಿಂದ ಚೀಟಿಗಳನ್ನು ಮೇಜಿನ ಮೇಲೆ ಸುರಿದರು. ಪ್ರತಿಯೊಂದರಲ್ಲೂ ಮೂರು ಸಾಲು ಒಂದು ಕೈ, ನಾಲ್ಕನೆಯದು ಇನ್ನೊಂದು ಕೈ.

"ಅಜ್ಜಿ, ನಿಮ್ಮ ಪಾತ್ರೆಯ ಸಾಲನ್ನ ಮೊದಲ ಪುಟದಲ್ಲೇ ಹಾಕ್ತೀನಿ," ಎಂದು ಪಾದ್ರಿಗಳು ನಕ್ಕರು.

"ಹಾಕಿ ಹಾಕಿ. ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ ಅದಕ್ಕೆ," ಎಂದರು ಅತ್ತೆ.

"ಕೊನೇ ದಿನ ಬರೆದದ್ದು ಯಾವುದಮ್ಮ? ಅದನ್ನ ಕೊನೇ ಪುಟಕ್ಕೆ ಇಟ್ಟುಕೊಳ್ಳೋಣ."

ಅಡುಗೆಮನೆಯಿಂದ ಮೂರು ಹನಿ ಬಿದ್ದ ಸದ್ದು ಕೇಳಿಸಿತು.

"ಆ ದಿನ ಅವರು ಬರೀಲಿಲ್ಲ," ಎಂದಳು ಅವಳು.

ಅತ್ತೆ ಅವಳ ಮುಖವನ್ನೇ ನೋಡಿದರು. ಕನ್ನಡಕದ ಪೆಟ್ಟಿಗೆಯನ್ನು ಎತ್ತಿಕೊಂಡು ಎದ್ದು ಒಳಗೆ ಹೋದರು.

ಅಂದಿನಿಂದ ಅತ್ತೆಯ ಬಾಯಿಗೆ ಬೀಗ ಬಿತ್ತು. ಡಬ್ಬಿ ತುಂಬಿಸುವುದು ತಪ್ಪಲಿಲ್ಲ, ಆದರೆ ಅದನ್ನು ಸೊಸೆಯ ಕೈಗೆ ಕೊಡುತ್ತಿರಲಿಲ್ಲ, ಮೇಜಿನ ತುದಿಯಲ್ಲಿ ಇಟ್ಟು ಮುಖ ತಿರುಗಿಸುತ್ತಿದ್ದರು. ಸೊಸೆ ಮಾಡಿದ ಅಡುಗೆಯಲ್ಲಿ ಎರಡು ತುತ್ತು ತಿಂದು ಸಾಕೆನ್ನುತ್ತಿದ್ದರು.

"ಏನಾಗಿದೆ ಅತ್ತೆ ನಿಮಗೆ? ರುಚಿಯಾಗಿಲ್ವಾ?"

"ರುಚಿಗೇನು. ನೆಮ್ಮದಿಯಾಗಿ ಉಣ್ಣೋರು ಉಣ್ಲಿ."

ಆ ಮಾತು, ನೆಮ್ಮದಿಯಾಗಿ ಉಣ್ಣುವ ಮಾತು, ಆ ಸಂಜೆ ಅಡುಗೆಮನೆಯಲ್ಲಿ ಅವಳು ಆಡಿದ್ದು. ಅತ್ತೆಗೆ ಕೇಳಿಸಿತ್ತೇ? ಅಥವಾ ಬೇರೆ ಯಾರೋ ಅತ್ತೆಯ ಬಾಯಲ್ಲಿ ಆಡಿಸುತ್ತಿದ್ದಾರೆಯೇ? ಮಗಳು ಇಬ್ಬರ ಮುಖವನ್ನೂ ನೋಡಿ, ತಟ್ಟೆ ಎತ್ತಿಕೊಂಡು ಎದ್ದು ಹೋದಳು.

"ಈ ಮನೆಯಲ್ಲಿ ಗೋಡೆಗಳಾದ್ರೂ ಮಾತಾಡ್ತವೆ, ನೀವಿಬ್ಬರು ಮಾತಾಡೋದಿಲ್ಲ," ಎಂದಳು ಹೋಗುತ್ತ.

ಮೂರನೆಯ ಚೀಟಿ ಮುಂದಿನ ವಾರ ಬಂತು. ಸಮಾಧಿಯ ಬಳಿ ಅಳುತ್ತಿದ್ದ ಹೆಂಗಸು ಎದ್ದು ಬಂದವನನ್ನೇ ತೋಟದವನೆಂದು ತಿಳಿದ ಭಾಗ.

*ತೋಟದವನೆಂದು ಮುಖ ತಿರುಗಿಸಿದಳು,*
*ಕಣ್ಣೀರಿನ ಹಿಂದೆ ಎಲ್ಲರೂ ಅಪರಿಚಿತರೇ;*
*ಹೆಸರು ಹಿಡಿದು ಕರೆದಾಗ ಗುರುತಾಯಿತು.*
*ನಾನೂ ಕರೆಯುತ್ತಿದ್ದೇನೆ, ಒಮ್ಮೆ ತಿರುಗಿ ನೋಡು.*

ಅವಳು ಎರಡು ಸಲ ಓದಿದಳು. ಮೂರನೆಯ ಸಲ ಬೆರಳಿಟ್ಟು ಸಾಲುಗಳನ್ನು ಲೆಕ್ಕ ಮಾಡಿದಳು. ನಾಲ್ಕು. ಮೈಯಲ್ಲಿದ್ದ ಭಯವೆಲ್ಲ ಒಂದೇ ಸಲಕ್ಕೆ ಸಿಟ್ಟಾಗಿ ತಿರುಗಿತು. ಹದಿನೆಂಟು ವರ್ಷ ಬಾಳಿದ್ದಳು ಅವನೊಂದಿಗೆ, ಒಂದೇ ಒಂದು ಸಲವೂ ಅವನು ನಾಲ್ಕನೆಯ ಸಾಲು ಬರೆದಿರಲಿಲ್ಲ.

ಸಂಜೆ ಮೂವರೂ ಊಟ ಮುಗಿಸುವ ತನಕ ತಡೆದುಕೊಂಡಳು. ಆಮೇಲೆ ಮೂರು ಚೀಟಿಗಳನ್ನೂ ಮಗಳ ತಟ್ಟೆಯ ಪಕ್ಕ ಇಟ್ಟಳು.

"ನೀನೇ ತಾನೆ?"

ಮಗಳು ತಲೆ ತಗ್ಗಿಸಿದಳು.

"ಮಾತಾಡು. ಅಪ್ಪನ ಕೈಬರಹ ಕದ್ದು ಅಮ್ಮನ್ನ ಹೆದರಿಸೋಕೆ ಯಾರು ಕಲಿಸಿದ್ರು ನಿನಗೆ? ಒಂದು ತಿಂಗಳಿಂದ ನಾನು ಹುಚ್ಚು ಹಿಡಿದವಳ ಹಾಗೆ ಆಗಿದ್ದೀನಿ. ಗೊತ್ತಾ?"

"ಹೆದರಿಸೋಕಲ್ಲ. ನೀನು ಬರೀಲಿ ಅಂತ."

"ಏನು ಬರೀಬೇಕಿತ್ತು?"

"ನಾಲ್ಕನೇ ಸಾಲು! ನೀನು ಬರೆದು ಡಬ್ಬಿಯಲ್ಲಿ ಹಾಕಿ ತಂದ್ರೆ ನಾನು ತೆಗೆದು ಓದಬಹುದು ಅಂತ ದಿನಾ ಖಾಲಿ ಡಬ್ಬಿ ನೋಡ್ದೆ. ನೀನು ಬರೀಲೇ ಇಲ್ಲ. ಕೊನೆಗೆ ನಾನೇ ಬರೆದೆ." ಮಗಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಸೂಜಿ ಸೂಜಿ ಅಂತೀಯಲ್ಲ, ನಂಗೆ ಗೊತ್ತಿಲ್ವಾ ಸೂಜಿ ಅಲ್ಲ ಅಂತ? ಇಲ್ಲದೇ ಇರೋ ಅಪ್ಪನ್ನ ಮನೆಯೆಲ್ಲ ಹುಡುಕ್ತೀಯ. ಇರೋ ನನ್ನನ್ನ ಯಾವಾಗ ನೋಡಿದ್ದೀಯ ನೀನು?"

ಆ ಮಾತಿಗೆ ಅವಳ ಸಿಟ್ಟೆಲ್ಲ ಜರ್ರನೆ ಇಳಿಯಿತು. ಇಷ್ಟು ದಿನ ತಾನು ಹೊತ್ತದ್ದು ತನ್ನೊಬ್ಬಳದೇ ಭಾರ ಎಂದುಕೊಂಡಿದ್ದಳು. ಮಗಳು ಅದರ ಕೆಳಗೆ ಸಿಕ್ಕಿಬಿದ್ದದ್ದು ಅವಳಿಗೆ ಕಂಡಿರಲಿಲ್ಲ, ಮತ್ತು ಆ ನಾಚಿಕೆ ಅವಳನ್ನು ಸುಟ್ಟಿತು.

"ನಾನು ಹುಡುಕ್ತಿದ್ದದ್ದು ಅಪ್ಪ ಕೊನೇ ದಿನ ಇಟ್ಟ ಚೀಟಿ," ಎಂದಳು. "ಆ ದಿನ ಡಬ್ಬಿಯಲ್ಲಿ ಚೀಟಿ ಇತ್ತು. ಪಾದ್ರಿಗಳ ಹತ್ರ ಸುಳ್ಳು ಹೇಳ್ದೆ. ನಾನು ಅದನ್ನ ಬಿಚ್ಚಲೇ ಇಲ್ಲ. ಸಿಟ್ಟಿತ್ತು. ಪಕ್ಕಕ್ಕಿಟ್ಟು ಉಂಡೆ. ಅವರು ಅಲ್ಲಿ ಹೋಗಿದ್ರು, ನಾನು ಇಲ್ಲಿ ಉಣ್ತಾ ಇದ್ದೆ."

ನಲ್ಲಿ ಮೂರು ಹನಿ ಬೀಳಿಸಿ ಸುಮ್ಮನಾಯಿತು. ಅತ್ತೆ ಮಡಿಲಲ್ಲಿದ್ದ ಕನ್ನಡಕದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ತೆರೆದು, ಒಳಗಿನ ಮಖಮಲ್ಲಿನ ಬಟ್ಟೆಯನ್ನು ಉಗುರಿನಿಂದ ಮೇಲೆತ್ತಿದರು. ಕೆಳಗೆ ಒಂದು ಕಂದು ಚೀಟಿ ಇತ್ತು. ನಾಲ್ಕಾಗಿ ಮಡಿಚಿದ್ದು, ಒಂದು ಮೂಲೆಗೆ ಎಣ್ಣೆ ಹತ್ತಿದ್ದು.

"ಡಬ್ಬಿ ತೊಳೆಯೋಕೆ ತೆಗೆದಾಗ ಸಿಕ್ತು," ಎಂದರು ಅತ್ತೆ. "ಅವನು ಮಡಿಚಿದ ಮಡಿಕೆ ಹಾಗೇ ಇತ್ತು. ನಂಗೆ ಅಕ್ಷರ ಬರದೇ ಇರಬಹುದು, ಬಿಚ್ಚದ ಮಡಿಕೆ ಗೊತ್ತಾಗೋದಿಲ್ವಾ? ನನ್ನ ಮಗ ಕೊಟ್ಟಿದ್ದನ್ನ ಓದದವಳಿಗೆ ಯಾಕೆ ಕೊಡ್ಲಿ ಅಂದ್ಕೊಂಡೆ. ಬಾಯಿ ಬಿಟ್ಟು ಕೇಳ್ಲಿ, ಆಗ ಕೊಡ್ತೀನಿ ಅಂದ್ಕೊಂಡೆ. ನೀನು ಕೇಳ್ಲಿಲ್ಲ."

"ಹೇಗೆ ಕೇಳ್ಲಿ ಅತ್ತೆ?"

"ಆಮೇಲೆ ಆಮೇಲೆ ನಂಗೇ ಭಯ ಆಯ್ತು. ನೀನು ಹುಡುಕೋದನ್ನ ಕಣ್ಣಾರೆ ನೋಡ್ತಾ ಕೂತಿದ್ದೆನಲ್ಲ. ದಿನಾ ಪ್ರಾರ್ಥನೆಗೆ ಕೂತಾಗ ಇದು ಮಡಿಲಲ್ಲಿ ಕೆಂಡದ ಹಾಗೆ ಸುಡೋದು. ಇಷ್ಟು ದಿನ ಇಟ್ಟುಕೊಂಡು ಈಗ ಹೇಗೆ ಕೊಡ್ಲಿ ಅಂತ." ಅತ್ತೆ ಚೀಟಿಯನ್ನು ಅವಳತ್ತ ಚಾಚಿದರು. "ತಗೋ. ಇದು ನಿಂದು. ಯಾರಿಂದಲೂ ಓದಿಸಿಲ್ಲ."

ಅವಳು ಚೀಟಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಬೈದಿರಬಹುದು. ಗೇಲಿ ಮಾಡಿರಬಹುದು. ನಿನ್ನ ಆಸೆಯಂತೆ ಆಗಲಿ ಎಂದು ಬರೆದಿರಬಹುದು, ಅದೇ ಅವಳ ಹೆದರಿಕೆ. ಮಗಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಅಮ್ಮನ ತೋಳಿಗೆ ತೋಳು ತಾಗಿಸಿ ಕೂತಳು.

ಒಂದು ಮಡಿಕೆ ಬಿಚ್ಚಿದಳು. ಇನ್ನೊಂದನ್ನೂ ಬಿಚ್ಚಿದಳು. ಕಾಗದದ ಮೇಲ್ಭಾಗ ಖಾಲಿ. ಬರೀ ಮೂರು ಗೆರೆ ಎಳೆದಿದ್ದ, ಮಕ್ಕಳಿಗೆ ಬರೆಯಲು ಎಳೆದುಕೊಡುವ ಹಾಗೆ, ಸೊಟ್ಟಸೊಟ್ಟಗೆ. ಆ ಮೂರು ಗೆರೆಗಳ ಕೆಳಗೆ, ನಾಲ್ಕನೆಯ ಸಾಲಿನ ಜಾಗದಲ್ಲಿ, ದುಂಡು ಅಕ್ಷರದಲ್ಲಿ ಅವನು ಬರೆದಿದ್ದ:

*ಒಲೆ ಆರಿಸಿ ಬಾ, ಉಳಿದ ಪಾತ್ರೆ ನಾನು ತೊಳೆಯುತ್ತೇನೆ.*

"ಏನಂತೆ?" ಎಂದರು ಅತ್ತೆ. "ಏನು ಬರ್ದಿದ್ದಾನೆ, ಹೇಳ್ರೇ."

ಮಗಳು ಓದಿ ಹೇಳಿದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವಳು ಮಾತ್ರ ಅಳಲಿಲ್ಲ, ಆ ಸಾಲನ್ನೇ ನೋಡುತ್ತ ಕೂತಳು. ಅಡುಗೆಮನೆಯ ಅಕ್ಕನಿಗೆ ಗುರು ಹೇಳಿದ ಮಾತೋ, ತನಗೆ ಗಂಡ ಹೇಳಿದ ಮಾತೋ, ಅವಳಿಗೆ ಬೇರ್ಪಡಿಸಲಾಗಲಿಲ್ಲ. ಎಂದೂ ಏನನ್ನೂ ಮುಗಿಸದವನು ಅಂದು ಒಂದನ್ನು ಮುಗಿಸಿದ್ದ, ಶುರು ಮಾಡುವುದನ್ನು ಅವಳಿಗೆ ಬಿಟ್ಟಿದ್ದ.

ಆ ಸಂಜೆ ಪಾತ್ರೆ ತೊಳೆಯಲು ಯಾರೂ ಏಳಲಿಲ್ಲ. ಹಾಗೆಂದು ಮೂವರೂ ಮಾತಾಡಿಕೊಂಡದ್ದೇನಲ್ಲ. ಮಗಳು ತಟ್ಟೆಗಳನ್ನು ಸಿಂಕಿನಲ್ಲಿ ಇಟ್ಟು ಬಂದಳು. ಅತ್ತೆ, ದಿನವೂ ಒಂದು ಚಮಚ ಹಾಗೇ ಬಿದ್ದಿದ್ದರೂ ಗೊಣಗುವವರು, ಅತ್ತ ನೋಡಲೇ ಇಲ್ಲ. ಅವಳು ಅಡುಗೆಮನೆಯ ದೀಪ ಆರಿಸಿ, ಬಾಗಿಲನ್ನು ತುಸು ತೆರೆದೇ ಬಿಟ್ಟಳು.

ಬೆಳಿಗ್ಗೆ ಎದ್ದು ನೋಡಿದಾಗ ಪಾತ್ರೆಗಳು ಹಾಗೇ ಇದ್ದವು. ಇರಲೇಬೇಕಲ್ಲ. ಅಂಚಿನಲ್ಲಿ ಆಲೂಗಡ್ಡೆ ಒಣಗಿ ಕಚ್ಚಿಕೊಂಡಿತ್ತು. ನಲ್ಲಿಯಿಂದ ತೊಟ್ಟಿಕ್ಕಿದ ನೀರು ಮೇಲಿನ ತಟ್ಟೆಯಲ್ಲಿ ತುಂಬಿ ನಿಂತಿತ್ತು. ಆಗ ಅವಳಿಗೆ ಅಳು ಬಂತು. ಹನ್ನೊಂದು ತಿಂಗಳ ಅಳು ಒಟ್ಟಿಗೇ ಬಂತು, ಸಿಂಕಿನ ಅಂಚು ಹಿಡಿದು ನಿಂತು ಅತ್ತಳು. ಅವನು ಬರುವುದಿಲ್ಲ.

ಅತ್ತು ಮುಗಿದ ಮೇಲೆ ತೋಳು ಮಡಿಚಿ ನಲ್ಲಿ ತಿರುಗಿಸಿದಳು. ಮೊದಲ ತಟ್ಟೆ ತಿಕ್ಕುತ್ತಿದ್ದಾಗ ಹಿಂದಿನಿಂದ ಹೆಜ್ಜೆ ಸದ್ದಾಯಿತು. ಕೈ ನಿಂತಿತು. ತಿರುಗಿ ನೋಡಿದಳು. ಮಗಳು ಕೆದರಿದ ತಲೆಯಲ್ಲಿ, ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು.

"ಕೊಡು, ನಾನು ಒರೆಸ್ತೀನಿ."

"ಮೊದಲು ಪೆನ್ನು ತಗೊಂಡು ಬಾ," ಎಂದಳು ಅವಳು. "ನನ್ನ ಕೈ ಒದ್ದೆ. ನಾನು ಹೇಳ್ತೀನಿ, ನೀನು ಬರಿ. ಎರಡನೇ ಸಾಲು ನಿಂದು. ಮೂರನೇದನ್ನ ಅಜ್ಜಿ ಎದ್ದಮೇಲೆ ಕೇಳೋಣ."

ಮಗಳು ಓಡಿ ಹೋಗಿ ಚೀಟಿಯನ್ನೂ ಪೆನ್ನನ್ನೂ ತಂದು, ಮೊದಲ ಗೆರೆಯ ಮೇಲೆ ಪೆನ್ನಿಟ್ಟು ಕಾದಳು. ಅವಳು ತಟ್ಟೆಯ ಸೋಪಿನ ನೊರೆ ತೊಳೆದಿಟ್ಟಳು. ಆಮೇಲೆ ಹೇಳಿದಳು:

"ಬರಕೋ. *ಕರೆದದ್ದು ಕೇಳಿಸಿತು, ತಡವಾಗಿ ಕೇಳಿಸಿತು.*"